ಕವಲಹಟ್ಟಿಯ ಗುಂಡಿನ ಕಟ್ಟೆ

ಬಹಳ ಕಾಲದ ಹಿಂದೆ, ಮೂರು ದಾರಿ ಕೂಡುವಲ್ಲಿ ಒಂದು ಊರಿತ್ತು. ಕವಲಹಟ್ಟಿ ಅಂತ ಅದರ ಹೆಸರು. ಊರು ಈಗಲೂ ಇದೆ, ನೀವು ಕೂತಿರುವುದೇ ಅಲ್ಲಿ. ಹೊಸ ಗಾಡಿ ತಂದಿದ್ದೀರಿ, ಹಾರ ಹಾಕಿದ್ದೀರಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೀರಿ. ಗುಂಡಿನ ಕಟ್ಟೆಗೆ ಸುತ್ತು ಹಾಕಿಸಬೇಕು ಅಂತ ಬಂದಿದ್ದೀರಿ. ಹಾಕಿಸಿ, ಯಾರು ಬೇಡ ಅಂದರು. ಪೂಜೆ ಮಾಡುವವನು ಊಟಕ್ಕೆ ಹೋಗಿದ್ದಾನೆ. ಅವನು ಬರುವ ತನಕ ಈ ನೆರಳಲ್ಲಿ ಕೂತು ನನ್ನ ಮಾತು ಕೇಳಿ. ಯಾರ ಕಟ್ಟೆ ಅಂತ ತಿಳಿಯದೆ ಅದನ್ನು ಸುತ್ತುವುದು ನನಗಂತೂ ಸರಿ ಕಾಣುವುದಿಲ್ಲ.

ಆ ಕಾಲದಲ್ಲಿ ಈ ಕೂಡುದಾರಿಯ ಹತ್ತಿರ ಹೊನ್ನೂರಸಾಬ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ತಗಡಿನ ಚಪ್ಪರ, ಒಂದು ಮರದ ಪೆಟ್ಟಿಗೆ, ನಟ್ಟು ಬಿಚ್ಚುವ ನಾಲ್ಕು ಪಾನ, ಎರಡು ಇಕ್ಕಳ, ಅಷ್ಟೇ ಅವನ ಅಂಗಡಿ. ಗಾಡಿಯ ಎಲ್ಲ ಕೆಲಸವನ್ನೂ ಮಾಡುತ್ತಿದ್ದ, ಆದರೆ ಅವನ ಹೆಸರು ದೂರದೂರಕ್ಕೆ ಹೋಗಿದ್ದು ಒಂದೇ ಕೆಲಸಕ್ಕೆ. ಗೇರಿನ ಕೋಲಿನ ತುದಿಗೆ ಅಂಗೈಯಲ್ಲಿ ಹಿಡಿಯುವ ಗುಂಡು ಇರುತ್ತದಲ್ಲ, ಅದು ಬಿಗಿದು ಕೂತರೆ ಅದನ್ನು ಒಡೆಯದೆ, ಕೊಯ್ಯದೆ, ಗೀರು ಬೀಳದ ಹಾಗೆ ಬಿಚ್ಚುತ್ತಿದ್ದ. ಗೇರಿನ ಬುಡದ ರಬ್ಬರು ಹರಿದರೂ, ಒಳಗಿನ ಬುಷ್ಷು ಸವೆದರೂ ಮೊದಲು ಬಿಚ್ಚಬೇಕಾದ್ದು ಮೇಲಿನ ಈ ಗುಂಡನ್ನೇ. ಅದು ಬಿಚ್ಚದಿದ್ದರೆ ಕೆಳಗಿನ ಯಾವ ಕೆಲಸವೂ ಆಗುವುದಿಲ್ಲ.

ಅವನು ಮುಟ್ಟಿದರೆ ಸಾಕು, ಗುಂಡು ತಾನಾಗಿ ತಿರುಗಿ ಅವನ ಕೈಗೆ ಬೀಳುತ್ತಿತ್ತು ಅಂತಾರೆ. ಅನ್ನಲಿ. ಎಲ್ಲಿಂದಲೋ ಬಂದ ದೊಡ್ಡ ಲಾರಿಯ ಗುಂಡು ತುಕ್ಕು ಹಿಡಿದು ಕೋಲಿನ ಜೊತೆಗೇ ಒಂದಾಗಿ ಹೋಗಿತ್ತಂತೆ. ನಾಲ್ಕು ಊರಿನ ಮೆಕ್ಯಾನಿಕ್‌ಗಳು ಜೋತುಬಿದ್ದರೂ ಅಲ್ಲಾಡಲಿಲ್ಲವಂತೆ. ಹೊನ್ನೂರಸಾಬ ಅದರ ಕಿವಿಯಲ್ಲಿ ಏನೋ ಹೇಳಿದನಂತೆ, ಅದು ಅಳುತ್ತಾ ಬಿಚ್ಚಿಕೊಂಡಿತಂತೆ. ಗೇರಿನ ಗುಂಡಿಗೆ ಕಿವಿ ಎಲ್ಲಿರುತ್ತದೆ ಅಂತ ಕೇಳಿದರೆ ಹೇಳಿದವರಿಗೆ ಸಿಟ್ಟು ಬರುತ್ತದೆ. ಅದಕ್ಕೇ ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಅವನು ನಿಜಕ್ಕೂ ಮಾಡುತ್ತಿದ್ದುದು ಇಷ್ಟು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಗುಂಡಿಗೆ ಸುತ್ತಿ ಸುಮ್ಮನೆ ಕೂರುತ್ತಿದ್ದ. ಬಟ್ಟೆ ಆರಿದರೆ ಮತ್ತೆ ಅದ್ದಿ ಸುತ್ತುತ್ತಿದ್ದ. ಆಮೇಲೆ ಕೋಲಿನ ಕೊರಳಿಗೆ ಒಂದು ಹನಿ ಎಣ್ಣೆ ಬಿಟ್ಟು, ಸೈಕಲ್ ಟ್ಯೂಬಿನ ಪಟ್ಟಿಯನ್ನು ಗುಂಡಿನ ಮೇಲೆ ಬಿಗಿಯಾಗಿ ಸುತ್ತಿ ಹಿಡಿಯುತ್ತಿದ್ದ. ಮೊದಲು ಬಿಚ್ಚುವ ಕಡೆಗೆ ತಿರುಗಿಸುತ್ತಿರಲಿಲ್ಲ. ಇನ್ನೂ ಬಿಗಿಯುವ ಕಡೆಗೇ ಒಂದು ಕೂದಲಿನಷ್ಟು ತಿರುಗಿಸುತ್ತಿದ್ದ. ಒಳಗಿನ ಹಿಡಿತ ಒಮ್ಮೆ ಮುರಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ಅದು ಬಂದುಬಿಡುತ್ತಿತ್ತು. ಅಷ್ಟು ಹೊತ್ತೂ ಅವನ ಮುಖ ನೋಡಬೇಕಿತ್ತು ಅಂತ ನೋಡಿದವರು ಹೇಳುತ್ತಿದ್ದರು. ಬಿಗಿದ ಗುಂಡು ಎದುರಿಗೆ ಬಂದರೆ ಅವನಿಗೆ ಪಕ್ಕದಲ್ಲಿ ಬೆಂಕಿ ಬಿದ್ದರೂ ಕಾಣುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಪದ್ಧತಿಯನ್ನು ಈ ಊರಿಗೆ ತಂದವನೂ ಅವನೇ. ಕವಲಹಟ್ಟಿಯಲ್ಲಿ ಮನೆಗೊಬ್ಬ ಡ್ರೈವರ್ ಇದ್ದ. ಲಾರಿ, ಬಸ್ಸು, ಬಾಡಿಗೆ ಕಾರು, ಯಾವುದಾದರೊಂದು. ಯಾರದಾದರೂ ಗಾಡಿ ಅಪಘಾತ ಮಾಡಿಕೊಂಡು ಬಂದರೆ ಹೊನ್ನೂರಸಾಬ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಮೊದಲು ಗೇರಿನ ಗುಂಡು ಬಿಚ್ಚುತ್ತಿದ್ದ. ಆ ಹೊತ್ತಿನ ಗಾಬರಿಯೆಲ್ಲ ಡ್ರೈವರನ ಅಂಗೈಯಿಂದ ಗುಂಡಿಗೆ ಇಳಿದಿರುತ್ತದೆ, ಅದೇ ಗುಂಡು ಹಿಡಿದು ಓಡಿಸಿದರೆ ಗಾಡಿ ಮತ್ತೆ ಅದೇ ದಾರಿ ಹಿಡಿಯುತ್ತದೆ ಅನ್ನುತ್ತಿದ್ದ. ಬಿಚ್ಚಿದ ಗುಂಡನ್ನು, ಅಲ್ಲಿ ಕಾಣುತ್ತದಲ್ಲ, ಆ ಬನ್ನಿ ಮರದ ಬುಡದಲ್ಲಿ ಹೂಳುತ್ತಿದ್ದ. ಹೊಸ ಗುಂಡು ಹಾಕಿ, ಡ್ರೈವರನ ಕೈ ತೊಳೆಸಿ, ಒಂದು ದಿನ ಗಾಡಿ ಮುಟ್ಟಬೇಡ ಅಂತ ಮನೆಗೆ ಕಳಿಸುತ್ತಿದ್ದ. ಇದಕ್ಕೆ ಕೈ ಇಳಿಸುವುದು ಅಂತ ಹೆಸರಾಯಿತು. ಹೂತದ್ದನ್ನು ಯಾರೂ ತೆಗೆಯಬಾರದು, ತೆಗೆದರೆ ಇಳಿದ ಕೈ ಮತ್ತೆ ಗಾಡಿ ಹತ್ತುತ್ತದೆ ಅಂತಲೂ ಹೇಳಿದ್ದ. ಎಲ್ಲರೂ ನಂಬಿದರು. ಊರಿನ ಎಷ್ಟೋ ಜನರ ಗುಂಡು ಆ ಮರದ ಬುಡ ಸೇರಿತು. ಯಾರ ಗುಂಡು ಯಾಕೆ ಅಲ್ಲಿಗೆ ಬಂತು ಅಂತ ಹೊನ್ನೂರಸಾಬನಿಗೆ ಗೊತ್ತಿತ್ತು. ಅವನು ಒಬ್ಬರದನ್ನೂ ಬಾಯಿ ಬಿಟ್ಟು ಹೇಳಿದವನಲ್ಲ.

ಈಗ ಓಬಣ್ಣನ ವಿಷಯಕ್ಕೆ ಬರುತ್ತೇನೆ. ಓಬಣ್ಣ ಯಾರು ಅಂತ ನಿಮಗೆ ಗೊತ್ತಿಲ್ಲ. ಗೊತ್ತಿರುವುದಿಲ್ಲ ಅಂತ ನನಗೂ ಗೊತ್ತು. ಅವನು ದೊಡ್ಡಮನೆಯ ಧಣಿಯ ಕಾರಿನ ಡ್ರೈವರ್, ಹೊನ್ನೂರಸಾಬನಿಗೆ ಜೀವದ ಗೆಳೆಯ. ಅವನ ಎಡಗೈಯಲ್ಲಿ ಉಂಗುರ ಬೆರಳು, ಕಿರುಬೆರಳು ಎರಡೂ ಇರಲಿಲ್ಲ. ಸಣ್ಣವನಿದ್ದಾಗ ಧಣಿಯ ಆಲೆಮನೆಯಲ್ಲಿ ಕಬ್ಬು ಕೊಡುತ್ತಿದ್ದ, ಕಬ್ಬಿನ ಜೊತೆ ಬೆರಳೂ ಗಾಣಕ್ಕೆ ಹೋದವು. ಬೆರಳು ಹೋಯಿತಲ್ಲ ಅಂತ ದೊಡ್ಡಮನೆಯವರು ಅವನಿಗೆ ಕಾರು ಕಲಿಸಿ ಡ್ರೈವರ್ ಮಾಡಿದರು. ಅದನ್ನು ಉಪಕಾರ ಅಂತ ಊರೆಲ್ಲ ಹೇಳಿಕೊಂಡು ತಿರುಗಿತು.

ಆದರೆ ಗೇರು ಹಾಕುವುದು ಎಡಗೈಯಲ್ಲಿ ತಾನೆ. ಕಾರಿನ ಕರಿ ಗುಂಡು ಅವನ ಮೂರು ಬೆರಳಲ್ಲಿ ಜಾರುತ್ತಿತ್ತು. ಹೊನ್ನೂರಸಾಬ ಅವನಿಗೆಂದು ಹುಣಸೆ ಮರದ ಒಳಗಿನ ಗಟ್ಟಿ ಚೇಗಿನಲ್ಲಿ ಒಂದು ಗುಂಡು ಕಡೆದುಕೊಟ್ಟ. ಅದರಲ್ಲಿ ಹೆಬ್ಬೆರಳಿಗೆ ಒಂದು ತಗ್ಗು, ಮಿಕ್ಕ ಎರಡು ಬೆರಳಿಗೆ ಎರಡು ತಗ್ಗು. ಓಬಣ್ಣನ ಕೈ ಅದರೊಳಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಬೇರೆಯವರು ಹಿಡಿದರೆ ಅದರ ಏಣು ಅಂಗೈಗೆ ಒತ್ತುತ್ತಿತ್ತು. ಹಾಗಾಗಿ ಕಾರು ಹತ್ತುವಾಗ ಓಬಣ್ಣ ಕರಿ ಗುಂಡು ಬಿಚ್ಚಿ ತನ್ನದನ್ನು ಹಾಕುತ್ತಿದ್ದ, ಕೆಲಸ ಮುಗಿಸಿ ಮನೆಗೆ ಹೋಗುವಾಗ ತನ್ನದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಕರಿಯದನ್ನು ಮತ್ತೆ ತಿರುಗಿಸಿಡುತ್ತಿದ್ದ. ಕಾರು ನಿಂತಿದ್ದಾಗ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಯಾರು ಓಡಿಸಿಕೊಂಡು ಬಂದರು ಅಂತ ತಿಳಿಯುತ್ತಿತ್ತು. ಮರದ ಗುಂಡಾದರೆ ಓಬಣ್ಣ, ಕರಿ ಗುಂಡಾದರೆ ಬೇರೆ ಯಾರೋ. ಸುತ್ತಮುತ್ತಲ ಊರಿಗೆಲ್ಲ ಇದು ಗೊತ್ತಿದ್ದ ಮಾತು.

ಧಣಿಗೆ ಒಬ್ಬ ಮಗ, ಸಣ್ಣ ಧಣಿ ಅಂತ ಕರೆಯುತ್ತಿದ್ದರು. ಅವನಿಗೆ ಮೀಸೆ ಬಂದ ಕೂಡಲೇ ಕಾರಿನ ಹುಚ್ಚು ಹಿಡಿಯಿತು. ಓಡಿಸುವುದು ಅರ್ಧ ಬರುತ್ತಿತ್ತು, ಸೊಕ್ಕು ಪೂರ್ತಿ ಬರುತ್ತಿತ್ತು. ಹತ್ತಿದಾಗಲೆಲ್ಲ ಈ ಗುಂಡು ಬದಲಾಯಿಸುವುದು ಏನು ಶನಿ ಅಂತ ಅವನಿಗೆ ಬೇಸರ. ಒಂದು ದಿನ ಕರಿ ಗುಂಡನ್ನು ಕೋಲಿಗೆ ಹೇಗೆ ಹೇಗೋ ಅಡ್ಡಾದಿಡ್ಡಿ ಹತ್ತಿಸಿ, ಇಕ್ಕಳ ಹಚ್ಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದ. ಗುಂಡಿನ ಮೈಮೇಲೆಲ್ಲ ಇಕ್ಕಳದ ಹಲ್ಲಿನ ಗುರುತು ಬಿತ್ತು. ಇನ್ನು ಈ ಗಾಡಿಗೆ ಒಂದೇ ಗುಂಡು, ಒಬ್ಬನೇ ಡ್ರೈವರ್, ನೀನು ಮನೆಗೆ ಹೋಗು ಅಂತ ಓಬಣ್ಣನಿಗೆ ಹೇಳಿದ.

ಓಬಣ್ಣ ಮನೆಗೆ ಬಂದ. ಮರದ ಗುಂಡನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಆಗಿದ್ದನ್ನು ಹೇಳಿದ. ಹೆಂಡತಿ ಮಾರೆಕ್ಕ, ಹೋಗಿ ಹೊನ್ನೂರಣ್ಣನ ಹತ್ತಿರ ಹೇಳು, ಬೇರೆ ಕಡೆ ಎಲ್ಲಾದರೂ ಕೆಲಸ ನೋಡುತ್ತಾನೆ ಅಂದಳು. ಓಬಣ್ಣ ಹೋಗಲಿಲ್ಲ. ಕೆಲಸ ಬಿಡಿಸಿದರು ಅನ್ನುವುದಕ್ಕೆ ಅವನಿಗೆ ನಾಚಿಕೆ. ಧಣಿ ನಾಳೆ ಕರೆಯುತ್ತಾನೆ, ನಾಡಿದ್ದು ಕರೆಯುತ್ತಾನೆ ಅಂತ ಕಾದ. ಗೆಳೆಯನಿಗೂ ಗೊತ್ತಾಗದ ಹಾಗೆ ಮನೆಯ ಹಿಂದೆ ಕಟ್ಟಿಗೆ ಸೀಳುತ್ತಾ ದಿನ ಕಳೆದ. ಆ ನಾಚಿಕೆಯೇ ಅವನನ್ನು ತಿಂದಿತು ಅಂತ ಮಾರೆಕ್ಕ ಕೊನೆಯ ತನಕ ಹೇಳುತ್ತಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ ಸಣ್ಣ ಧಣಿ ಕಾರು ತಗೊಂಡು ಹೋದವನು ಕೆರೆ ಏರಿಯ ತಿರುವಿನಲ್ಲಿ ಒಬ್ಬ ಮುದುಕಿಯ ಮೇಲೆ ಹತ್ತಿಸಿದ. ಅವಳ ಹೆಸರು ಸಣ್ಣೀರಮ್ಮ. ಈಚಲು ಗರಿಯ ಚಾಪೆ ಹೆಣೆದು ತಲೆಮೇಲೆ ಹೊತ್ತು ಮಾರುತ್ತಿದ್ದಳು. ಅವಳು ಅಲ್ಲೇ ಸತ್ತಳು. ಆಮೇಲೆ ಬಂದವರು ಅವಳದೇ ಚಾಪೆ ಬಿಚ್ಚಿ ಅವಳ ಮೇಲೆ ಹೊದಿಸಿದರು. ಅವಳ ಹೆಸರನ್ನೂ ಈ ಊರಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಸಣ್ಣ ಧಣಿ ನಿಲ್ಲಿಸಲಿಲ್ಲ, ಕಾರು ತಂದು ಮನೆಯ ಹಿತ್ತಲಲ್ಲಿ ಬಿಟ್ಟ. ದೂರದಿಂದ ಕಾರನ್ನು ಕಂಡವರಿದ್ದರು. ಒಳಗೆ ಯಾರಿದ್ದರು ಅಂತ ಕಂಡವರಿರಲಿಲ್ಲ. ದೊಡ್ಡ ಧಣಿ ತಲೆಯುಳ್ಳವನು. ಓಬಣ್ಣನನ್ನು ಕರೆಸಿ ಒಂದು ಕೋಣೆಯಲ್ಲಿ ಕೂರಿಸಿದ, ನೀನೇ ಓಡಿಸಿದ್ದು ಅಂತ ಒಪ್ಪಿಕೋ, ನಿನ್ನ ಸಂಸಾರ ನಾವು ನೋಡಿಕೊಳ್ಳುತ್ತೇವೆ ಅಂದ. ಓಬಣ್ಣ ಒಪ್ಪಲಿಲ್ಲ. ಬೆರಳು ಕೊಟ್ಟಿದ್ದು ಸಾಕು ಧಣೇರ ಅಂದನಂತೆ, ಅಷ್ಟೇ. ಧಣಿ ಅವನನ್ನು ಆ ಕೋಣೆಯಿಂದ ಹೊರಗೆ ಬಿಡಲಿಲ್ಲ. ಅವನು ಒಪ್ಪದಿದ್ದರೆ ಗಾಡಿ ಒಪ್ಪಿದರೂ ನಡೆಯುತ್ತದೆ ಅಂತ ಧಣಿಗೆ ಹೊಳೆಯಿತು. ಗಾಡಿಯಲ್ಲಿ ಮರದ ಗುಂಡು ಇದ್ದರೆ ಓಡಿಸಿದವನು ಯಾರು ಅಂತ ಯಾರೂ ಕೇಳುವಂತಿಲ್ಲ. ಆದರೆ ಕರಿ ಗುಂಡು ಬಿಗಿದು ಕೂತಿದೆ. ಧಣಿಯ ಆಳು ಎಷ್ಟು ತಿರುಗಿಸಿದರೂ ಬರಲಿಲ್ಲ. ಕೊಯ್ದರೆ ಕೋಲಿನ ತಿರುಪು ಹಾಳಾಗುತ್ತದೆ, ಮರದ ಗುಂಡು ಕೂರುವುದಿಲ್ಲ. ಇಡೀ ಸೀಮೆಯಲ್ಲಿ ಅದನ್ನು ಬಿಚ್ಚಬಲ್ಲವನು ಒಬ್ಬನೇ.

ಧಣಿಯ ಆಳು ಮೊದಲು ಮಾರೆಕ್ಕನ ಮನೆಗೆ ಹೋದ. ಹೊನ್ನೂರಸಾಬ ಮರದ ಗುಂಡು ಕೇಳಿದ್ದಾನೆ, ಅದರ ತಿರುಪು ಸವೆದಿದೆಯಂತೆ, ಸರಿಮಾಡಿ ಕೊಡುತ್ತಾನಂತೆ ಅಂದ. ಹೊನ್ನೂರಸಾಬನ ಹೆಸರು ಕೇಳಿ ಮಾರೆಕ್ಕ ಗೂಡಿನಿಂದ ಗುಂಡು ತೆಗೆದು, ಸೆರಗಿನಲ್ಲಿ ಧೂಳು ಒರೆಸಿ ಕೊಟ್ಟಳು. ಅಲ್ಲಿಂದ ಅವನು ಕಾರು ತಗೊಂಡು ಹೊನ್ನೂರಸಾಬನ ಅಂಗಡಿಗೆ ಬಂದ.

"ಓಬಣ್ಣನ ಕೈಯಾಗೆ ಆಕ್ಸಿಡೆಂಟ್ ಆಗೈತೆ. ಇವತ್ತು ತನ್ನ ಗುಂಡು ಮರೆತು ಕರಿ ಗುಂಡಾಗೇ ಓಡಿಸಿದ್ದ. ಮನ್ಯಾಗೆ ನಡುಗ್ತಾ ಕುಂತಾನೆ. ಕೈ ಇಳಿಸಿ, ನನ್ನ ಗುಂಡು ಹಾಕಿಸ್ಕೊಂಡು ಬಾ ಅಂತ ಕಳಿಸ್ಯಾನೆ," ಅಂದ. ಮರದ ಗುಂಡು ಕೈಗೆ ಕೊಟ್ಟ.

ಆ ಗುಂಡು ನೋಡಿದ ಮೇಲೆ ಹೊನ್ನೂರಸಾಬ ಇನ್ನೇನು ಕೇಳುತ್ತಾನೆ. ಗೆಳೆಯ ಸ್ವತಃ ಕೊಡದೆ ಅದು ಬೇರೆಯವರ ಕೈಗೆ ಬರುವುದಿಲ್ಲ ಅಂದುಕೊಂಡ. ಮಾರೆಕ್ಕನಿಗೆ ಇವನ ಹೆಸರು ಹೇಳಿ, ಇವನಿಗೆ ಅವಳ ಗಂಡನ ಹೆಸರು ಹೇಳಿ ಕೆಲಸ ಸಾಧಿಸಿದರು. ಒಬ್ಬರನ್ನೊಬ್ಬರು ಅಷ್ಟು ನಂಬದೇ ಇದ್ದಿದ್ದರೆ ಈ ಮೋಸ ನಡೆಯುತ್ತಿರಲಿಲ್ಲ.

ಹೊನ್ನೂರಸಾಬ ಕಾರಿನೊಳಗೆ ಬಗ್ಗಿ ಕರಿ ಗುಂಡಿನ ಮೇಲೆ ಕೈ ಆಡಿಸಿದ. ಇಕ್ಕಳದ ಗುರುತು ಬೆರಳಿಗೆ ಸಿಕ್ಕಿತು.

"ಇದಕ್ಕೆ ಇಕ್ಕಳ ಹಚ್ಚಿದ ಪುಣ್ಯಾತ್ಮ ಯಾರು?" ಅಂದ.

"ಓಬಣ್ಣನೇ ಇರಬೇಕು," ಅಂದ ಆಳು.

ಓಬಣ್ಣ ಗುಂಡಿಗೆ ಇಕ್ಕಳ ಹಚ್ಚುವವನಲ್ಲ. ಇದು ಹೊನ್ನೂರಸಾಬನಿಗೆ ತಿಳಿಯದ ಮಾತಲ್ಲ. ಒಂದು ಗಳಿಗೆ ಅವನ ಕೈ ನಿಂತಿತಂತೆ. ಆದರೆ ಎದುರಿಗೆ ಬಿಗಿದ ಗುಂಡು ಇತ್ತು. ಅಡ್ಡ ಹತ್ತಿದ ತಿರುಪು, ಅಂಥದ್ದನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ. ಸುತ್ತ ಜನ ಸೇರಿದ್ದರು, ಇದು ಬರುತ್ತದೋ ಇಲ್ಲವೋ ಅಂತ ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಅವನು ಬಿಸಿನೀರು ತರಿಸಿದ. ಬಟ್ಟೆ ಸುತ್ತಿದ, ಎಣ್ಣೆ ಬಿಟ್ಟ, ಟ್ಯೂಬಿನ ಪಟ್ಟಿ ಸುತ್ತಿ ಹಿಡಿದ. ಬಿಗಿಯುವ ಕಡೆಗೆ ಒಂದು ಕೂದಲಿನಷ್ಟು, ಆಮೇಲೆ ಬಿಚ್ಚುವ ಕಡೆಗೆ ಒಂದು ಕೂದಲಿನಷ್ಟು. ಹಾಗೇ ಮಾಡುತ್ತಾ ಮಾಡುತ್ತಾ ಅದನ್ನು ತಿರುಗಿಸಿ ತೆಗೆದ. ಕೋಲಿನ ತಿರುಪಿಗೆ ಒಂದು ಚೂರೂ ಪೆಟ್ಟಾಗಿರಲಿಲ್ಲ. ಜನ ವಾಹವ್ವಾ ಅಂದರು. ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಿಚ್ಚಿದ ಗುಂಡು ಇನ್ನೊಂದಿಲ್ಲ ಅಂತಾರೆ. ಅದು ಮಾತ್ರ ನಿಜ.

ಮರದ ಗುಂಡನ್ನು ತಾನೇ ಹಾಕಿದ, ಅಲ್ಲಾಡದಂತೆ ಹದವಾಗಿ ಕೂರಿಸಿದ. ಗೆಳೆಯನ ಕೈಗೆ ಸರಿಹೋಗುವ ಹಾಗೆ ಹೆಬ್ಬೆರಳಿನ ತಗ್ಗು ಡ್ರೈವರನ ಬಾಗಿಲ ಕಡೆಗೆ ಬರುವಂತೆ ತಿರುಗಿಸಿಟ್ಟ. ಕರಿ ಗುಂಡನ್ನು ಬನ್ನಿ ಮರದ ಬುಡದಲ್ಲಿ ಹೂತ. ಧಣಿಯ ಆಳು ಪಕ್ಕದಲ್ಲೇ ನಿಂತು, ಮಣ್ಣು ಮುಚ್ಚುವ ತನಕ ನೋಡಿ, ಕಾರು ತಗೊಂಡು ಹೋದ.

ಮಧ್ಯಾಹ್ನ ಪೊಲೀಸರು ಬಂದರು. ಕಾರಿನಲ್ಲಿ ಬಗ್ಗಿ ನೋಡಿದರು. ಮರದ ಗುಂಡು ಕಂಡಿತು. ಊರವರನ್ನು ಕರೆದು ಇದು ಯಾರದು ಅಂತ ಕೇಳಿದರು, ಓಬಣ್ಣನದು ಅಂದರು. ಇದನ್ನು ಹಿಡಿದು ಬೇರೆ ಯಾರಾದರೂ ಓಡಿಸುತ್ತಾರಾ ಅಂತ ಕೇಳಿದರು, ಇಲ್ಲ ಅಂದರು. ಕೇಳಿದ್ದಕ್ಕೆ ಸರಿಯಾಗೇ ಉತ್ತರ ಹೇಳಿದರು ನೋಡಿ, ಒಂದು ಸುಳ್ಳೂ ಇಲ್ಲ. ಅಷ್ಟು ದಿನದಿಂದ ಓಬಣ್ಣ ಹಿತ್ತಲಲ್ಲಿ ಕಟ್ಟಿಗೆ ಸೀಳುತ್ತಿದ್ದುದನ್ನು ಕಂಡ ನೆರೆಯವರಿದ್ದರು. ಅದನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅವರಿಗೆಲ್ಲ ಧಣಿಯ ಹೊಲದಲ್ಲಿ ಕೆಲಸವಿತ್ತು. ಓಬಣ್ಣನನ್ನು ಕರೆದುಕೊಂಡು ಹೋದರು.

ಮಾರೆಕ್ಕ ಓಡುತ್ತಾ ಹೊನ್ನೂರಸಾಬನ ಅಂಗಡಿಗೆ ಬಂದಳು. ಬಂದವಳು ಅಳಲಿಲ್ಲ.

"ಅಣ್ಣಾ, ಗುಂಡು ಗೂಡಿನಾಗಿತ್ತು. ನೀನು ಕೇಳಿದಿ ಅಂತ ಕೊಟ್ಟೆ. ನಿನ್ನ ಹೆಸರು ಹೇಳದೇ ಇದ್ದಿದ್ರೆ ಕೊಡ್ತಿದ್ದಿಲ್ಲ," ಅಂದಳು.

"ನಾನು ಕೇಳಿಲ್ಲ ತಾಯಿ," ಅಂದ ಹೊನ್ನೂರಸಾಬ.

ಸಣ್ಣ ಧಣಿ ಇಕ್ಕಳ ಹಚ್ಚಿ ಗುಂಡು ಬಿಗಿದಿದ್ದು, ಗಂಡನನ್ನು ಮನೆಗೆ ಕಳಿಸಿದ್ದು, ಎಲ್ಲವನ್ನೂ ಅವಳು ಹೇಳಿದಳು. ಹೊನ್ನೂರಸಾಬ ತನ್ನ ಅಂಗೈ ನೋಡಿಕೊಂಡ. ಇಕ್ಕಳದ ಆ ಗುರುತು ಅವನ ಬೆರಳಿಗೆ ಇನ್ನೂ ನೆನಪಿತ್ತು. ಆ ಗುಂಡನ್ನು ತೋರಿಸಿದರೆ ಸಾಕು. ಹಾಗೆ ಬಿಗಿದ ಗುಂಡನ್ನು ಓಬಣ್ಣ ಬಿಚ್ಚಿ ತನ್ನದು ಹಾಕಿಕೊಳ್ಳಲು ಸಾಧ್ಯವಿಲ್ಲ, ಇವತ್ತು ಬೆಳಿಗ್ಗೆ ಅದನ್ನು ಬಿಚ್ಚಿದವನು ನಾನು ಅಂತ ಹೇಳಿದರೆ ಸಾಕು. ಅವನು ಸಲಿಕೆ ತಗೊಂಡು ಬನ್ನಿ ಮರದ ಹತ್ತಿರ ಹೋದ.

ಒಂದು ಸಲ ಮಣ್ಣೆತ್ತಿದ್ದ, ಅಷ್ಟರಲ್ಲಿ ಊರು ಸೇರಿತು. ಬಂದವರು ಧಣಿಯ ಆಳುಗಳಲ್ಲ. ಕವಲಹಟ್ಟಿಯ ಡ್ರೈವರುಗಳೇ ಬಂದರು. ಹೊನ್ನೂರಸಾಬ ಕೈ ಇಳಿಸಿ ಮನೆಗೆ ಕಳಿಸಿದವರೇ ಎಲ್ಲರೂ. ಅವರಲ್ಲಿ ಹಿರಿಯ ಡ್ರೈವರ್ ಒಬ್ಬ ಮುಂದೆ ಬಂದು ಸಲಿಕೆ ಹಿಡಿದ.

"ಹೂತಿದ್ದು ತೆಗಿಬಾರದು ಅಂತ ನೀನೇ ಹೇಳಿದ್ದಲ್ಲೇನು ಮಾವ? ನಮ್ಮ ಹುಡುಗ್ರು ಗಾಡಿ ತಗೊಂಡು ದಾರಿ ಮ್ಯಾಗೆ ಅದಾರೆ. ಇಳಿದ ಕೈ ಎದ್ದು ಅವರ ಗಾಡಿ ಹತ್ತಿದ್ರೆ?"

"ನಾನೇ ಹೇಳಿದ್ದು. ಸುಳ್ಳು ಹೇಳಿದ್ದು," ಅಂದ ಹೊನ್ನೂರಸಾಬ. "ಗುಂಡಿಗೆ ಯಾವ ಕೈನೂ ಇಳಿಯಲ್ಲ ಕಣ್ರಪ್ಪ. ಆಕ್ಸಿಡೆಂಟ್ ಮಾಡಿ ಬಂದೋರು ನಡುಗೋ ಕೈಯಾಗೇ ಮತ್ತೆ ಗಾಡಿ ಹತ್ತತಿದ್ರಿ. ಒಂದು ದಿನ ಮನ್ಯಾಗೆ ಕುಂದ್ರಿ ಅಂದ್ರೆ ಕೇಳತಿದ್ದಿಲ್ಲ. ನಿಮ್ಮನ್ನ ಕುಂದ್ರಿಸೋಕೆ ಕಟ್ಟಿದ ಮಾತು ಅದು. ಮಣ್ಣಾಗೆ ಇರೋದು ಬರೀ ಗುಂಡು."

ಯಾರೂ ನಂಬಲಿಲ್ಲ. ಗೆಳೆಯನ ಮೇಲಿನ ಪ್ರೀತಿಗೆ ಹೀಗೆ ಮಾತಾಡುತ್ತಿದ್ದಾನೆ ಅಂದರು. ಅವನು ಹೇಳಿದ ಸುಳ್ಳಿನ ಮೇಲೆ ಅವರಿಗೆ ಇದ್ದ ನಂಬಿಕೆ, ಅವನ ಮೇಲೆ ಇರಲಿಲ್ಲ. ಅಂಜಿಕೆ ನಿಜವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದರ ಕೆಳಗೆ ಇನ್ನೊಂದು ಅಂಜಿಕೆ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ಆ ಮಣ್ಣಿನಲ್ಲಿ ಪ್ರತಿಯೊಬ್ಬನ ಗುಂಡೂ ಇತ್ತು. ಒಂದು ಮೇಲೆ ಬಂದರೆ ಇನ್ನೊಂದೂ ಬರುತ್ತದೆ. ಒಬ್ಬ ದಾರಿಯಲ್ಲಿ ಯಾರನ್ನೋ ಕೆಡವಿ ನಿಲ್ಲಿಸದೆ ಬಂದಿದ್ದ, ಇನ್ನೊಬ್ಬ ಕುಡಿದು ಓಡಿಸಿದ್ದ, ಮತ್ತೊಬ್ಬನ ಗಾಡಿಗೆ ಸಿಕ್ಕಿದ್ದು ದನ ಅಂತ ಹೇಳಿದ್ದ, ಅದು ದನವಾಗಿರಲಿಲ್ಲ. ಇದು ಯಾರ ಗುಂಡು, ಇದು ಯಾಕೆ ಇಲ್ಲಿದೆ ಅಂತ ಕೇಳುವವರು ಹುಟ್ಟಿದರೆ ಊರಲ್ಲಿ ಯಾರ ಮನೆ ಉಳಿಯುತ್ತದೆ. ಅದಕ್ಕೇ ಎಲ್ಲರೂ ಸೇರಿ ಅವನ ಸಲಿಕೆ ಕಿತ್ತುಕೊಂಡರು. ಅವನು ಕೈಯಲ್ಲೇ ಕೆದರಲು ಕೂತ. ತೋಳು ಹಿಡಿದು ಎತ್ತಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಬಹಳ ಗೌರವದಿಂದಲೇ ಎತ್ತಿಕೊಂಡು ಹೋಗಿ ಅವನ ಚಪ್ಪರದಲ್ಲಿ ಕೂರಿಸಿದರು.

ಸುದ್ದಿ ಕೇಳಿ ದೊಡ್ಡ ಧಣಿ ಬಂದ. ಚಪ್ಪಲಿ ಬಿಟ್ಟು ಬನ್ನಿ ಮರಕ್ಕೆ ಕೈ ಮುಗಿದ. ಇಷ್ಟು ಜನರ ನಂಬಿಕೆಯ ಜಾಗ ಹೀಗೆ ಬಯಲಲ್ಲಿ ಬಿದ್ದಿರಬಾರದು, ನಾಯಿ ನರಿ ಕೆದರಬಾರದು ಅಂದ. ಅವನ ಟ್ರ್ಯಾಕ್ಟರಿನಲ್ಲೇ ಕಲ್ಲು ಚಪ್ಪಡಿ ಬಂದವು. ಬಿಸಿಲು ಇಳಿಯುವುದರೊಳಗೆ ಊರವರೇ ಕೈಗೂಡಿಸಿ ಕಟ್ಟೆ ಕಟ್ಟಿದರು. ಕಲ್ಲಿನ ಸಂದಿಗೆಲ್ಲ ಸಿಮೆಂಟು ಹಾಕಿದರು. ಧಣಿ ದೊಡ್ಡ ಮನಸ್ಸಿನವನು ಅಂತ ಎಲ್ಲರೂ ಹೊಗಳಿದರು. ನೀವು ಸುತ್ತು ಹಾಕಲು ಬಂದಿರುವ ಗುಂಡಿನ ಕಟ್ಟೆ ಅದೇ. ಒಬ್ಬ ನಿರಪರಾಧಿಯನ್ನು ಬಿಡಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯ ಮೇಲೆ ನೀವು ಊದುಬತ್ತಿ ಹಚ್ಚುತ್ತೀರಿ.

ಹೊನ್ನೂರಸಾಬ ಸ್ಟೇಷನ್ನಿಗೆ ಹೋದ, ಕೋರ್ಟಿಗೆ ಹೋದ. ಗುಂಡು ಬಿಚ್ಚಿದ್ದು ನಾನು, ಹಾಕಿದ್ದು ನಾನು ಅಂತ ಕೇಳಿದವರಿಗೆಲ್ಲ ಹೇಳಿದ. ಬಿಚ್ಚಿದ ಗುಂಡು ಎಲ್ಲಿ ಅಂದರು. ಕಟ್ಟೆಯ ಕೆಳಗಿದೆ ಅಂದರೆ, ಊರವರು ಕೈ ಮುಗಿಯುವ ಕಟ್ಟೆ ಒಡೆಸಲು ಯಾರೂ ಮುಂದೆ ಬರಲಿಲ್ಲ. ಬಿಚ್ಚುವಾಗ ಕಂಡವರು ಯಾರು ಅಂದರು. ವಾಹವ್ವಾ ಅಂದಿದ್ದ ಜನರಲ್ಲಿ ಒಬ್ಬನೂ ಬರಲಿಲ್ಲ. ಓಬಣ್ಣನಿಗೆ ಶಿಕ್ಷೆಯಾಯಿತು. ಅವನು ತಿರುಗಿ ಬರಲಿಲ್ಲ, ಜೈಲಿನಲ್ಲೇ ಜ್ವರ ಬಂದು ಸತ್ತ. ಮರದ ಗುಂಡನ್ನಾದರೂ ಕೊಡಿ ಅಂತ ಮಾರೆಕ್ಕ ಕೇಳಿದಳು. ಅದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಹೊನ್ನೂರಸಾಬ ಒಂದು ಗುಂಡನ್ನೂ ಮುಟ್ಟಲಿಲ್ಲ. ಅಂಗಡಿ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ, ಕತ್ತಲಾದರೆ ಎದ್ದು ಹೋಗುತ್ತಿದ್ದ. ಯಾರ ಜೊತೆಗೂ ಮಾತಿಲ್ಲ. ದೂರದಿಂದ ಬಿಗಿದ ಗುಂಡಿನ ಗಾಡಿ ತಂದವರು ಎದುರಿಗೆ ನಿಂತು ಬೇಡಿಕೊಂಡರೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಅವನಿಗೆ ಸಿದ್ಧಿಯಾಗಿದೆ, ಅದಕ್ಕೇ ಮೌನ ಹಿಡಿದಿದ್ದಾನೆ ಅಂತ ಜನ ಹೇಳಲು ಶುರುಮಾಡಿದರು. ಅವನ ಎದುರಿಗೆ ಗಾಡಿ ನಿಲ್ಲಿಸಿದರೆ ಸಾಕು, ಗುಂಡು ತಾನೇ ಸಡಿಲವಾಗುತ್ತದೆ ಅಂತಾರೆ. ಅನ್ನಲಿ. ಆ ಕಟ್ಟೆಯ ಮೇಲೆ ಕೂತ ದಿನದಿಂದ ಸಾಯುವ ತನಕ ಅವನು ಏನನ್ನೂ ಸಡಿಲ ಮಾಡಲಿಲ್ಲ.

ಅವನು ಮಾಡಿದ್ದು ಒಂದೇ. ಕವಲಹಟ್ಟಿಯ ಯಾವ ಗಾಡಿ ಕಟ್ಟೆಯ ಮುಂದೆ ಹಾದರೂ ಎಡಗೈ ಎತ್ತುತ್ತಿದ್ದ. ಉಂಗುರ ಬೆರಳು, ಕಿರುಬೆರಳು ಎರಡನ್ನೂ ಮಡಚಿ, ಮೂರು ಬೆರಳು ಮಾತ್ರ ನೆಟ್ಟಗೆ ಹಿಡಿದು, ಓಡಿಸುವವನ ಮುಖಕ್ಕೆ ತೋರಿಸುತ್ತಿದ್ದ. ಗಾಡಿ ಕಣ್ಮರೆಯಾಗುವ ತನಕ ಕೈ ಇಳಿಸುತ್ತಿರಲಿಲ್ಲ. ಧಣಿಯ ಕಾರು ಹಾದರೆ ಎದ್ದು ನಿಂತು ತೋರಿಸುತ್ತಿದ್ದ.

ಅದು ಯಾರ ಕೈ ಅಂತ ಮೊದಮೊದಲು ಎಲ್ಲರಿಗೂ ತಿಳಿಯುತ್ತಿತ್ತು. ತಿಳಿಯದೆ ಏನು, ಓಬಣ್ಣನ ಜೊತೆ ಓಡಾಡಿದವರೇ ಎಲ್ಲರೂ. ಒಂದಷ್ಟು ದಿನ ತಲೆ ತಗ್ಗಿಸಿಕೊಂಡು ಹೋದರು. ಆಮೇಲೆ ಯಾರೋ ಒಬ್ಬ, ಅಜ್ಜ ಆಶೀರ್ವಾದ ಮಾಡುತ್ತಿದ್ದಾನೆ ಅಂದ. ಆ ಮಾತು ಎಲ್ಲರಿಗೂ ಹಿತವಾಯಿತು. ಆಶೀರ್ವಾದ ಅಂತ ತಿಳಿದ ಮೇಲೆ ತಲೆ ತಗ್ಗಿಸುವ ಕಷ್ಟವಿಲ್ಲ. ತಾವೂ ಎಡಗೈ ಎತ್ತಿ, ಎರಡು ಬೆರಳು ಮಡಚಿ, ನಮಸ್ಕಾರ ಅಜ್ಜ ಅಂತ ಹೇಳಿಕೊಂಡು ಹೋಗತೊಡಗಿದರು. ಅದನ್ನು ಮೊದಲ ಸಲ ನೋಡಿದ ದಿನ ಹೊನ್ನೂರಸಾಬ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತನಂತೆ. ಅಜ್ಜನಿಗೆ ಆನಂದಬಾಷ್ಪ ಬಂತು ಅಂತಾರೆ.

ಮಾರೆಕ್ಕ ಮಾತ್ರ ದಿನಾ ಅವನಿಗೆ ಗಂಜಿ ತಂದು ಕೊಡುತ್ತಿದ್ದಳು. ಕ್ಷಮಿಸಿದಿಯಾ ಅಂತ ನಮ್ಮಜ್ಜಿ ಅವಳನ್ನು ಕೇಳಿದ್ದಳಂತೆ. ಮಾರೆಕ್ಕ ನಮ್ಮಜ್ಜಿಯ ಅಕ್ಕ, ಈ ಮಾತೆಲ್ಲ ನನಗೆ ಬಂದಿದ್ದು ಆ ದಾರಿಯಲ್ಲೇ. ಕ್ಷಮಿಸಿಲ್ಲ, ಆ ಗುಂಡಿನ ಮೇಲೆ ಇಕ್ಕಳದ ಗುರುತು ಕಂಡಾಗ ಅವನು ಕೈ ತೆಗಿಬೇಕಿತ್ತು, ತೆಗಿಲಿಲ್ಲ ಅಂದಳಂತೆ. ಮತ್ತೆ ಗಂಜಿ ಯಾಕೆ ಅಂದರೆ, ನನ್ನ ಗಂಡನ ಕೈ ಎತ್ತಿ ತೋರಿಸೋನು ಅವನೊಬ್ಬನೇ, ಅವನು ಹಸಿದು ಸತ್ತರೆ ಆ ಕೈನೂ ಹೋಗತೈತೆ ಅಂದಳಂತೆ.

ಹೊನ್ನೂರಸಾಬ ಸತ್ತ, ಮಾರೆಕ್ಕನೂ ಸತ್ತಳು. ಕಟ್ಟೆಯ ಮೇಲೆ ಅವನ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸಿದರು, ಕಲ್ಲಿಗೆ ಹೊದಿಸಲು ಮೊದಲ ವಸ್ತ್ರ ಕೊಟ್ಟವನು ಸಣ್ಣ ಧಣಿ. ಇವತ್ತಿಗೂ ಮೊದಲ ಪೂಜೆ ಆ ಮನೆಯವರದೇ. ಹೊಸ ಗಾಡಿ ತಂದವರು ಗೇರಿನ ಗುಂಡು ಬಿಚ್ಚಿ ಆ ಕಲ್ಲಿಗೆ ಮುಟ್ಟಿಸಿ ಹಾಕಿಕೊಳ್ಳುತ್ತಾರೆ. ಹೊನ್ನೂರಜ್ಜನ ದಯೆಯಿಂದ ದಾರಿಯಲ್ಲಿ ಕೆಟ್ಟದ್ದಾಗುವುದಿಲ್ಲ ಅಂತಾರೆ.

ಅಗೋ, ಪೂಜೆ ಮಾಡುವವನು ಬಂದ. ಏಳಿ. ಇಷ್ಟು ಹೇಳಿದ ಮೇಲೂ ನೀವು ಸುತ್ತು ಹಾಕುತ್ತೀರಿ, ನನಗೆ ಗೊತ್ತು. ಹಿಂದೆ ಕೇಳಿದವರೂ ಹಾಕಿದ್ದಾರೆ. ಗಾಡಿ ತಿರುಗಿಸಿಕೊಂಡು ಹೋಗುವಾಗ ಈ ಊರಿನ ಎಲ್ಲ ಡ್ರೈವರುಗಳ ಹಾಗೆ ನೀವೂ ಎಡಗೈ ಎತ್ತುತ್ತೀರಿ, ಎರಡು ಬೆರಳು ಮಡಚುತ್ತೀರಿ. ಎತ್ತಿ, ಬೇಡ ಅನ್ನುವುದಿಲ್ಲ. ಆ ಹೊತ್ತಿಗೆ ಒಮ್ಮೆ ನಿಮ್ಮ ಕೈಯನ್ನು ನೋಡಿಕೊಳ್ಳಿ. ಅದು ಓಬಣ್ಣನ ಕೈ.